ದಿನ ತುಂಬುವ ಲೆಕ್ಕ

ಬಸುರಿ ಹೆಂಗಸನ್ನು ಕಂಡೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ತಿಂಗಳಮ್ಮ?’ ಎಂಬುದು. ಅದಕ್ಕೆ ಬರುವ ಉತ್ತರಕ್ಕೂ ಒಂದು ಗೊತ್ತಾದ ರೂಪವುಂಟು: ‘ಆರು ತುಂಬಿ ಏಳರಲ್ಲಿ ಬಿತ್ತು.’ ಈ ಪುಟ್ಟ ಮಾತಿನಲ್ಲಿ ಸಂಖ್ಯೆಗಳು ಎರಡಿವೆ. ಮುಗಿದ ತಿಂಗಳು ಒಂದು, ನಡೆಯುತ್ತಿರುವ ತಿಂಗಳು ಇನ್ನೊಂದು. ‘ತುಂಬು’ ಎಂಬ ಧಾತುವನ್ನು ಕನ್ನಡ ಇಲ್ಲಿ ಬಹಳ ಸೊಗಸಾಗಿ ದುಡಿಸಿಕೊಂಡಿದೆ. ತಿಂಗಳು ತುಂಬುತ್ತದೆ, ದಿನ ತುಂಬುತ್ತದೆ. ಹೆರಿಗೆಗೆ ಸಿದ್ಧಳಾದವಳು ದಿನ ತುಂಬಿದ ಬಸುರಿ. ಅವಸರದಿಂದ ಹುಟ್ಟಿದ್ದು ದಿನ ತುಂಬದ ಕೂಸು.

ಆದರೆ ತುಂಬುವುದಕ್ಕೆ ಮೊದಲು ಒಂದು ಆರಂಭ ಬೇಕಷ್ಟೆ. ಯಾವ ದಿನದಿಂದ ಎಣಿಸತಕ್ಕದ್ದು? ಬೀಜ ಬಿತ್ತಿದ ದಿನವನ್ನು ರೈತ ಬಲ್ಲ. ಗರ್ಭ ನಿಂತ ಗಳಿಗೆಯನ್ನು ಯಾರೂ ಕಣ್ಣಾರೆ ಕಂಡವರಿಲ್ಲ. ಹೊರಗಿನಿಂದ ತಿಳಿಯಬಹುದಾದ ಗುರುತೆಂದರೆ ಮುಟ್ಟು ನಿಂತದ್ದು. ಅದನ್ನು ಬಲ್ಲವಳು ಆ ಹೆಂಗಸೊಬ್ಬಳೆ. ಹೀಗಿರುವುದರಿಂದ ಗರ್ಭದ ವಯಸ್ಸನ್ನು ಅಳೆಯುವ ವಿದ್ಯೆಯೆಲ್ಲ ಒಬ್ಬ ಹೆಣ್ಣುಮಗಳ ನೆನಪಿನ ಮೇಲೆ, ಅವಳಾಡಿದ ಒಂದು ಮಾತಿನ ಮೇಲೆ ನಿಂತಿದೆ. ಆ ಮಾತನ್ನು ಲೋಕ ಎಷ್ಟು ನಂಬಿತು, ಎಷ್ಟು ಶಂಕಿಸಿತು ಎಂಬುದೇ ಈ ಲೆಕ್ಕದ ಚರಿತ್ರೆ.

ಮೊದಲು ಒಂದು ಹಳೆಯ ಗೊಂದಲವನ್ನು ಬಗೆಹರಿಸಿಕೊಳ್ಳೋಣ. ತಾಯಿ ಮಗುವನ್ನು ಹೊರುವುದು ಒಂಬತ್ತು ತಿಂಗಳೋ ಹತ್ತು ತಿಂಗಳೋ? ‘ನವಮಾಸ ಹೊತ್ತು ಹೆತ್ತವಳು’ ಎನ್ನುವುದು ನಮ್ಮ ವಾಡಿಕೆ. ಋಗ್ವೇದದ ಐದನೆಯ ಮಂಡಲದ ಒಂದು ಸೂಕ್ತವಾದರೋ ಮಗು ತಾಯಿಯ ಒಡಲಲ್ಲಿ ಹತ್ತು ತಿಂಗಳು ಮಲಗಿದ್ದು ಬರುವುದಾಗಿ ಹೇಳುತ್ತದೆ. ರೋಮನರ ಪ್ರಾಚೀನ ಕಾನೂನೂ ಹತ್ತು ತಿಂಗಳನ್ನೇ ಅವಧಿಯಾಗಿ ಹಿಡಿದಿತ್ತು. ಮೇಲುನೋಟಕ್ಕೆ ಇದು ವಿರೋಧದಂತೆ ತೋರುತ್ತದೆ, ನಿಜವಾಗಿ ವಿರೋಧವಿಲ್ಲ. ಚಾಂದ್ರಮಾಸಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಕೊನೆಯ ಮುಟ್ಟಿನ ಮೊದಲ ದಿನದಿಂದ ಹೆರಿಗೆಯವರೆಗೆ ಇಂದಿನ ವೈದ್ಯರು ಹಿಡಿಯುವ ಅವಧಿ ೨೮೦ ದಿನ. ಎಂದರೆ ಒಂಬತ್ತೂವರೆ ಚಾಂದ್ರಮಾಸ. ತುಂಬಿದ್ದನ್ನು ಹೇಳುವವರು ಒಂಬತ್ತು ಎಂದರು, ನಡೆಯುತ್ತಿದ್ದುದನ್ನು ಹೇಳುವವರು ಹತ್ತು ಎಂದರು. ‘ಒಂಬತ್ತು ತುಂಬಿ ಹತ್ತರಲ್ಲಿ ಬಿತ್ತು’ ಎಂದ ಅಜ್ಜಿ ಎರಡನ್ನೂ ಒಂದೇ ಉಸಿರಿನಲ್ಲಿ ಸರಿಯಾಗಿ ಹೇಳಿದಳು.

ನಮ್ಮ ಹಳೆಯ ಮನೆಗಳಲ್ಲಿ ಈ ಲೆಕ್ಕಕ್ಕೆ ಕಾಗದ ಬೇಕಿರಲಿಲ್ಲ, ಹಬ್ಬಗಳಿದ್ದವು. ಗೌರಿಹಬ್ಬದ ಹೊತ್ತಿನಲ್ಲಿ ಕೊನೆಯ ಸಲ ಹೊರಗಾದವಳಿಗೆ ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಹೆರಿಗೆ. ಭಾದ್ರಪದ ಶುದ್ಧ ತದಿಗೆಯಿಂದ ಜ್ಯೇಷ್ಠದ ಹುಣ್ಣಿಮೆಗೆ ಒಂಬತ್ತು ತಿಂಗಳು ಹನ್ನೆರಡು ದಿನ. ಇಂದಿನ ಲೆಕ್ಕಕ್ಕೂ ಇದಕ್ಕೂ ಅಂತರ ಒಂದೆರಡು ದಿನ ಮಾತ್ರ. ನಡುವೆ ಅಧಿಕಮಾಸ ಬಂದರೆ ಹಬ್ಬದ ಲೆಕ್ಕ ಒಂದು ತಿಂಗಳು ತಪ್ಪುತ್ತಿತ್ತು. ಆಗ ಹಬ್ಬದ ಹೆಸರನ್ನು ಬಿಟ್ಟು ತಿಂಗಳುಗಳನ್ನೇ ಬೆರಳು ಮಡಿಸಿ ಎಣಿಸಬೇಕಾಗುತ್ತಿತ್ತು. ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ತಿಂಗಳಿಗೆ ಮೂರು ದಿನ ಹೆಂಗಸರನ್ನು ಹೊರಗೆ ಕೂರಿಸುತ್ತಿದ್ದ ಪದ್ಧತಿಯನ್ನು ನಾನು ಹೊಗಳಲಾರೆ; ಅದು ಕೊಟ್ಟ ನೋವು ಸಣ್ಣದಲ್ಲ. ಆದರೆ ಅದರಿಂದ ಒಂದು ಫಲ ತಾನಾಗಿ ಒದಗಿತ್ತು. ಸೊಸೆ ಯಾವ ತಿಥಿಯಲ್ಲಿ ಹೊರಗಾದಳು, ಯಾವ ತಿಂಗಳು ಆಗಲಿಲ್ಲ ಎಂಬುದು ಅತ್ತೆಗೂ ಓರಗಿತ್ತಿಯರಿಗೂ ತಿಳಿದಿರುತ್ತಿತ್ತು. ಒಬ್ಬಳ ಗುಟ್ಟು ಮನೆಯ ಪಂಚಾಂಗವಾಗಿತ್ತು. ಲೆಕ್ಕಕ್ಕೆ ಅನುಕೂಲವಾಗಿದ್ದೇ ಅವಳ ಮೇಲಿನ ಕಾವಲೂ ಆಗಿತ್ತು.

ಇನ್ನು ಶಾಸ್ತ್ರಗಳ ಮಾತು. ಗೃಹ್ಯಸೂತ್ರಗಳು ಗರ್ಭಸಂಸ್ಕಾರಗಳಿಗೆ ತಿಂಗಳುಗಳನ್ನು ಗೊತ್ತುಮಾಡಿವೆ. ಪಾರಸ್ಕರನು ಪುಂಸವನವನ್ನು ಎರಡನೆಯದೋ ಮೂರನೆಯದೋ ತಿಂಗಳಲ್ಲಿ, ಗರ್ಭ ಮಿಸುಕುವುದಕ್ಕೆ ಮುಂಚೆ ಮಾಡಬೇಕೆನ್ನುತ್ತಾನೆ. ಆಶ್ವಲಾಯನನು ಸೀಮಂತಕ್ಕೆ ನಾಲ್ಕನೆಯ ತಿಂಗಳನ್ನು ಹೇಳುತ್ತಾನೆ. ನಮ್ಮ ಮನೆಗಳಲ್ಲಿ ಅದು ಏಳಕ್ಕೋ ಒಂಬತ್ತಕ್ಕೋ ಸರಿದುಹೋಗಿದೆ. ಪಾರಸ್ಕರನ ಮಾತಿನಲ್ಲಿ ಎರಡು ಬಗೆಯ ಗಡಿಯಾರಗಳಿರುವುದನ್ನು ನೋಡಿ. ಒಂದು ತಿಂಗಳ ಎಣಿಕೆ, ಇನ್ನೊಂದು ಒಡಲೊಳಗಿನ ಮಿಸುಕಾಟ. ಮೊದಲನೆಯದು ತಪ್ಪಿದರೆ ಎರಡನೆಯದು ಸಾಕ್ಷಿ. ಆ ಮಿಸುಕಾಟವನ್ನು ಮೊದಲು ಬಲ್ಲವಳೂ ಅವಳೇ.

ಸುಶ್ರುತಸಂಹಿತೆ ನಾಲ್ಕನೆಯ ತಿಂಗಳಲ್ಲಿ ಗರ್ಭಕ್ಕೆ ಹೃದಯವು ವ್ಯಕ್ತವಾಗುವುದೆಂದೂ ಆದುದರಿಂದ ತಾಯಿ ಎರಡು ಹೃದಯದವಳಾಗಿ ‘ದೌಹೃದಿನಿ’ಯೆನಿಸುವಳೆಂದೂ ಹೇಳುತ್ತದೆ. ನಮ್ಮ ‘ಬಸುರಿ ಬಯಕೆ’ಗೆ ಶಾಸ್ತ್ರ ಕೊಟ್ಟ ಕಾರಣ ಇದು. ಪ್ರಸವದ ಕಾಲದ ವಿಷಯದಲ್ಲಿ ಈ ಗ್ರಂಥಗಳು ಒಂದೇ ದಿನಕ್ಕೆ ಅಂಟಿಕೊಳ್ಳುವುದಿಲ್ಲ. ಚರಕಸಂಹಿತೆ ಒಂಬತ್ತನೆಯ ತಿಂಗಳು ಹುಟ್ಟಿದಾಗಿನಿಂದ ಹತ್ತನೆಯ ತಿಂಗಳವರೆಗೆ ಪ್ರಸವಕಾಲವೆನ್ನುತ್ತದೆ. ಸುಶ್ರುತಸಂಹಿತೆ ಇನ್ನೂ ಉದಾರವಾಗಿ ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು ತಿಂಗಳುಗಳಲ್ಲಿ ಯಾವುದೊಂದರಲ್ಲಾದರೂ ಆಗಬಹುದೆನ್ನುತ್ತದೆ. ಹನ್ನೆರಡು ತಿಂಗಳೆನ್ನುವುದನ್ನು ಇಂದು ಒಪ್ಪಲಾಗದು. ಆದರೆ ಹೆರಿಗೆಗೆ ಒಂದು ದಿನವಿಲ್ಲ, ಒಂದು ಕಾಲವಿದೆ ಎಂಬ ಅವರ ತಿಳಿವಳಿಕೆ ಮಾತ್ರ ಸರಿಯಾದದ್ದು.

ದಿನದವರೆಗೂ ಲೆಕ್ಕ ಹೇಳಿದ ಗ್ರಂಥವೊಂದು ಉಂಟು. ಶ್ವೇತಾಂಬರ ಜೈನರ ಕಲ್ಪಸೂತ್ರ ಮಹಾವೀರನ ಜನನವನ್ನು ಹೇಳುವಾಗ ಒಂಬತ್ತು ತಿಂಗಳು ಪೂರ್ಣವಾಗಿ ಏಳೂವರೆ ದಿನ ಕಳೆದ ಮೇಲೆ ಎನ್ನುತ್ತದೆ. ಗರ್ಭಕ್ಕೆ ಬಂದ ತಿಥಿ ಆಷಾಢ ಶುದ್ಧ ಷಷ್ಠಿ. ಜನಿಸಿದ ತಿಥಿ ಚೈತ್ರ ಶುದ್ಧ ತ್ರಯೋದಶಿ. ಬೆರಳಲ್ಲಿ ಎಣಿಸಿ ನೋಡಿ, ಒಂಬತ್ತು ತಿಂಗಳ ಮೇಲೆ ಏಳು ತಿಥಿ. ಒಂಬತ್ತು ತಿಂಗಳು ಏಳು ದಿನ ಎಂಬ ಈ ಜೋಡಿಯನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದು ಬೇರೊಂದು ದೇಶದಲ್ಲಿ ಬೇರೊಂದು ವೇಷದಲ್ಲಿ ನಮಗೆ ಎದುರಾಗುತ್ತದೆ.

ಅದಕ್ಕೆ ಮೊದಲು, ಲೆಕ್ಕ ಹೇಗೆ ನಂಬಿಕೆಗೆ ಬಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ. ಏಳು ತಿಂಗಳಿಗೆ ಹುಟ್ಟಿದ ಮಗು ಉಳಿದೀತು, ಎಂಟಕ್ಕೆ ಹುಟ್ಟಿದ್ದು ಉಳಿಯದು ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಿದ್ದರು. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿ ಮಗುವಿನ ನಡುವೆ ಅಸ್ಥಿರವಾಗಿರುತ್ತದೆಂದು ಆಯುರ್ವೇದ ಅದಕ್ಕೆ ಕಾರಣ ಕೊಟ್ಟಿತು. ಸೋಜಿಗವೆಂದರೆ ಗ್ರೀಕರಲ್ಲಿಯೂ ಇದೇ ನಂಬಿಕೆಯಿತ್ತು. ಹಿಪೊಕ್ರೆಟಿಸನ ಹೆಸರಿನಲ್ಲಿ ಬಂದ ಗ್ರಂಥಗಳಲ್ಲಿ ಎಂಟು ತಿಂಗಳ ಮಗುವನ್ನು ಕುರಿತೇ ಒಂದುಂಟು. ಇದು ತಪ್ಪು; ಒಡಲಲ್ಲಿ ಹೆಚ್ಚು ದಿನ ಬೆಳೆದಷ್ಟೂ ಕೂಸು ಗಟ್ಟಿಯಾಗುತ್ತದೆ. ಹಾಗಾದರೆ ಕಣ್ಣೆದುರೇ ಎಂಟು ತಿಂಗಳ ಮಕ್ಕಳು ಬದುಕುತ್ತಿರುವಾಗ ನಂಬಿಕೆ ಹೇಗೆ ಉಳಿಯಿತು? ಅರಿಸ್ಟಾಟಲನ ಹೆಸರಿನಲ್ಲಿರುವ ಪ್ರಾಣಿಚರಿತ್ರೆಯಲ್ಲಿ ಉತ್ತರವಿದೆ. ಈಜಿಪ್ಟಿನಲ್ಲಿ ಎಂಟು ತಿಂಗಳ ಮಕ್ಕಳು ಬದುಕುತ್ತವೆ. ಗ್ರೀಸಿನಲ್ಲಿ ಅಂಥದೊಂದು ಬದುಕಿದರೆ ಜನ ಅದನ್ನು ಎಂಟು ತಿಂಗಳದೆಂದೇ ಒಪ್ಪುವುದಿಲ್ಲ, ತಾಯಿಗೆ ಅರಿವಿಲ್ಲದಂತೆ ಮೊದಲೇ ಗರ್ಭ ನಿಂತಿತ್ತು ಎನ್ನುತ್ತಾರೆ ಎಂದು ಅಲ್ಲಿ ಹೇಳಿದೆ. ಮಗು ಬದುಕಿತು, ಆದುದರಿಂದ ತಾಯಿಯ ಎಣಿಕೆ ತಪ್ಪು! ನಂಬಿಕೆಯನ್ನು ಉಳಿಸಿಕೊಳ್ಳಲು ಲೋಕ ಹೆಣ್ಣಿನ ಮಾತನ್ನು ತಿದ್ದಿತು.

ಹದಿನೇಳನೆಯ ಶತಮಾನಕ್ಕೆ ಬಂದರೆ, ರಕ್ತಪರಿಚಲನೆಯನ್ನು ಜಗತ್ತಿಗೆ ತಿಳಿಸಿಕೊಟ್ಟ ವಿಲಿಯಂ ಹಾರ್ವೆ ೧೬೫೧ರಲ್ಲಿ ಪ್ರಾಣಿಗಳ ಉತ್ಪತ್ತಿಯನ್ನು ಕುರಿತು ಗ್ರಂಥ ಪ್ರಕಟಿಸಿದ. ಮನುಷ್ಯಗರ್ಭದ ಸಹಜ ಅವಧಿಗೆ ಅವನು ತೋರಿಸಿದ ಪ್ರಮಾಣ ಯೇಸುವಿನ ಗರ್ಭವಾಸ. ದೇವದೂತನು ಮೇರಿಗೆ ವಾರ್ತೆ ತಂದ ಹಬ್ಬ ಮಾರ್ಚ್ ೨೫, ಕ್ರಿಸ್ಮಸ್ ಡಿಸೆಂಬರ್ ೨೫. ನಡುವೆ ೨೭೫ ದಿನ. ಅತ್ತ ಮಹಾವೀರನ ಎರಡು ತಿಥಿಗಳು, ಇತ್ತ ಯೇಸುವಿನ ಎರಡು ಹಬ್ಬಗಳು. ಗೌರಿಹಬ್ಬದಿಂದ ಎಣಿಸುತ್ತಿದ್ದ ನಮ್ಮ ಅಜ್ಜಿಯರಿಗೂ ಈ ಮಹಾವೈದ್ಯನಿಗೂ ಇದ್ದ ದೂರ ನಾವು ಎಣಿಸಿದಷ್ಟಿಲ್ಲ.

ಹಾಲೆಂಡಿನ ಲೈಡನ್ನಿನಲ್ಲಿ ಪಾಠ ಹೇಳುತ್ತಿದ್ದ ಬೂರ್‌ಹಾವ್ ಎಂಬ ಪ್ರಸಿದ್ಧ ವೈದ್ಯ ೧೭೩೮ರಲ್ಲಿ ತೀರಿಕೊಂಡ. ಅನಂತರ ೧೭೪೪ರಲ್ಲಿ ಅಚ್ಚಾದ ಅವನ ಉಪನ್ಯಾಸಗಳಲ್ಲಿ, ಕೊನೆಯ ಮುಟ್ಟಿಗೆ ಒಂದು ವಾರ ಸೇರಿಸಿ ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆ ಹೆರಿಗೆಯ ಕಾಲ ಸಿಗುತ್ತದೆ ಎಂಬ ಮಾತಿದೆ. ಜರ್ಮನಿಯ ಹೈಡೆಲ್‌ಬರ್ಗಿನ ಪ್ರಸೂತಿ ವೈದ್ಯ ಫ್ರಾಂಟ್ಸ್ ಕಾರ್ಲ್ ನೇಗೆಲೆ ಇದನ್ನೇ ೧೮೧೨ರಲ್ಲಿ ಸೂತ್ರವಾಗಿ ಹೇಳಿದ. ಮೂರು ತಿಂಗಳು ಹಿಂದಕ್ಕೆ, ಏಳು ದಿನ ಮುಂದಕ್ಕೆ. ಕೊನೆಯ ಮುಟ್ಟು ಜೂನ್ ೧೦ರಂದು ಮೊದಲಾಗಿದ್ದರೆ ಮುಂದಿನ ಮಾರ್ಚ್ ೧೭ಕ್ಕೆ ಹೆರಿಗೆ. ಇದೇ ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಇಂದಿಗೂ ನಡೆಯುವ ನೇಗೆಲೆಯ ಸೂತ್ರ. ಕಲ್ಪಸೂತ್ರದ ಒಂಬತ್ತು ತಿಂಗಳು ಏಳು ದಿನವೇ ಇಲ್ಲಿ ಮರಳಿ ಬಂದಂತೆ ತೋರುತ್ತದೆ. ಆದರೆ ಆತುರಪಟ್ಟು ಒಂದರಿಂದ ಒಂದು ಬಂತೆಂದು ಹೇಳಬಾರದು. ಅಲ್ಲಿಯದು ಚಾಂದ್ರಮಾನದ ತಿಂಗಳು, ಇಲ್ಲಿಯದು ಸೌರಮಾನದ್ದು. ಅಲ್ಲಿ ಎಣಿಕೆ ಗರ್ಭ ನಿಂತ ದಿನದಿಂದ, ಇಲ್ಲಿ ಮುಟ್ಟಿನಿಂದ. ಸಂಖ್ಯೆ ಒಂದೇ, ಆರಂಭ ಬೇರೆ. ಸಂಖ್ಯೆಯನ್ನು ನೋಡಿ ಆರಂಭವನ್ನು ಮರೆಯುವುದೇ ಈ ಲೆಕ್ಕದ ದೊಡ್ಡ ಅಪಾಯ.

ನೇಗೆಲೆಯ ಸೂತ್ರವೂ ಈ ದೋಷದಿಂದ ಹೊರತಾಗಿಲ್ಲ. ಮುಟ್ಟಿನ ಮೊದಲ ದಿನದಿಂದ ಎಣಿಸಬೇಕೋ ಕೊನೆಯ ದಿನದಿಂದಲೋ ಎಂಬುದನ್ನು ಅವನು ಖಚಿತವಾಗಿ ಬಿಡಿಸಿ ಹೇಳಲಿಲ್ಲ. ಮೊದಲ ದಿನವೆಂದು ಮುಂದಿನವರು ಗೊತ್ತುಮಾಡಿಕೊಂಡರು. ತಿಂಗಳುಗಳ ಉದ್ದ ಬೇರೆ ಬೇರೆಯಾದ್ದರಿಂದ ಅವನ ಸೂತ್ರ ಒಮ್ಮೆ ೨೮೦ ದಿನ ಕೊಟ್ಟರೆ ಇನ್ನೊಮ್ಮೆ ೨೮೩ ಕೊಡುತ್ತದೆ. ಅಷ್ಟೇ ಅಲ್ಲ, ಸ್ತನಿಗಳ ಅಂಡಾಣುವನ್ನು ಕಾರ್ಲ್ ಎರ್ನ್ಸ್ಟ್ ಫಾನ್ ಬೇರ್ ಮೊದಲು ಕಂಡದ್ದು ೧೮೨೭ರಲ್ಲಿ. ಸೂತ್ರ ಹುಟ್ಟಿದ ಹದಿನೈದು ವರ್ಷಗಳ ಮೇಲೆ. ಅಂಡವು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಎಂಬುದನ್ನು ಜಪಾನಿನ ಒಗಿನೊ, ಆಸ್ಟ್ರಿಯದ ಕ್ನಾಸ್ ತಿಳಿಸಿಕೊಟ್ಟದ್ದು ೧೯೨೦ರ ದಶಕದಲ್ಲಿ. ಆಗಲೇ ಒಂದು ವಿಚಿತ್ರ ಬೆಳಕಿಗೆ ಬಂತು. ಕೊನೆಯ ಮುಟ್ಟಿನಿಂದ ಎಣಿಸುವ ನಲವತ್ತು ವಾರಗಳಲ್ಲಿ ಮೊದಲ ಎರಡು ವಾರ ಆ ಹೆಂಗಸು ಬಸುರಿಯೇ ಅಲ್ಲ! ಇಲ್ಲದ ಗರ್ಭಕ್ಕೂ ವಯಸ್ಸು ಎಣಿಸುತ್ತೇವೆ. ಏಕೆಂದರೆ ಗರ್ಭ ನಿಂತ ದಿನ ಅವಳಿಗೂ ತಿಳಿಯದು. ಮುಟ್ಟಿನ ದಿನವಾದರೆ ಅವಳು ನೆನಪಿಟ್ಟು ಹೇಳಬಲ್ಲಳು. ವಿಜ್ಞಾನ ಬೇರೆ ದಾರಿ ಕಾಣದೆ ಅವಳ ಮಾತನ್ನೇ ಮೊದಲ ದಿನವೆಂದು ಹಿಡಿಯಿತು.

ವೈದ್ಯರು ಹೀಗೆ ಮಾತನ್ನು ಆಧಾರವಾಗಿ ಹಿಡಿದರೆ, ನ್ಯಾಯಾಲಯಗಳಲ್ಲಿ ಅದೇ ಮಾತು ಅನುಮಾನಕ್ಕೆ ಗುರಿಯಾಯಿತು. ಗಂಡ ಸತ್ತ ಮೇಲೆ, ಇಲ್ಲವೆ ದೂರದೇಶಕ್ಕೆ ಹೋದ ಮೇಲೆ ಹುಟ್ಟಿದ ಮಗು ಯಾರದು? ಆಸ್ತಿ, ಹೆಸರು, ಮಾನ ಎಲ್ಲವೂ ದಿನಗಳ ಎಣಿಕೆಯ ಮೇಲೆ ನಿಲ್ಲುತ್ತವೆ. ನೆಪೋಲಿಯನ್ನನ ೧೮೦೪ರ ಸಂಹಿತೆ ಗರಿಷ್ಠ ಮಿತಿಯನ್ನು ೩೦೦ ದಿನವೆಂದು ಗೊತ್ತುಮಾಡಿತು. ಹನಫಿ ಪಂಥದ ಮುಸ್ಲಿಂ ಶಾಸ್ತ್ರಕಾರರು ಎರಡು ವರ್ಷದವರೆಗೂ ಅವಕಾಶ ಕೊಟ್ಟಿದ್ದರು. ಇದನ್ನು ಕೇಳಿ ನಗುವುದು ಸುಲಭ. ಆದರೆ ಆ ದೀರ್ಘ ಮಿತಿಯ ನೆರಳಿನಲ್ಲಿ ಎಷ್ಟೋ ವಿಧವೆಯರೂ ಕೂಸುಗಳೂ ಅಪವಾದದಿಂದ ಪಾರಾಗಲು ಸಾಧ್ಯವಿತ್ತೆಂಬುದನ್ನು ನೆನೆದಾಗ ನಗು ನಿಲ್ಲುತ್ತದೆ.

ಇಂಗ್ಲೆಂಡು ಇಂಥ ಕಟ್ಟುನಿಟ್ಟಾದ ಸಂಖ್ಯೆಯನ್ನು ಇಟ್ಟುಕೊಳ್ಳಲಿಲ್ಲ. ಪ್ರತಿ ಸಲವೂ ವಾದವೇ ನಡೆಯಬೇಕಾಗಿತ್ತು. ಅವುಗಳಲ್ಲಿ ಹೆಸರಾದದ್ದು ೧೮೨೫-೨೬ರಲ್ಲಿ ಲಾರ್ಡ್ಸ್ ಸಭೆಯ ಮುಂದೆ ಬಂದ ಗಾರ್ಡ್ನರ್ ಪದವಿಯ ವ್ಯಾಜ್ಯ. ಗಾರ್ಡ್ನರ್ ನೌಕಾಪಡೆಯ ಅಧಿಕಾರಿ. ೧೮೦೨ರ ಆರಂಭದಲ್ಲಿ ಹಡಗೇರಿ ಹೋದವನು ಅದೇ ವರ್ಷ ಜುಲೈಯಲ್ಲಿ ಹಿಂದಿರುಗಿದ. ಡಿಸೆಂಬರಿನಲ್ಲಿ ಹೆಂಡತಿಗೆ ಗಂಡುಮಗುವಾಯಿತು. ಅವನು ಬಂದ ಮೇಲೆ ಎಣಿಸಿದರೆ ಐದೇ ತಿಂಗಳು. ಹೋಗುವ ಮುಂಚಿನಿಂದ ಎಣಿಸಿದರೆ ಸುಮಾರು ೩೧೧ ದಿನ. ಒಂದು ಲೆಕ್ಕಕ್ಕೆ ತೀರ ಬೇಗ, ಇನ್ನೊಂದಕ್ಕೆ ತೀರ ತಡ. ದಂಪತಿಗಳು ಬೇರೆಯಾದರು, ಗಾರ್ಡ್ನರ್ ಮರುಮದುವೆಯಾಗಿ ಇನ್ನೊಬ್ಬ ಮಗನನ್ನು ಪಡೆದ. ತಂದೆ ಸತ್ತ ಮೇಲೆ ಪದವಿ ಯಾರಿಗೆ ಎಂಬ ಪ್ರಶ್ನೆ ಎದ್ದಾಗ ಊರಿನ ಹೆಸರಾಂತ ವೈದ್ಯರೆಲ್ಲ ಸಾಕ್ಷಿಕಟ್ಟೆ ಏರಿದರು. ಕೆಲವರು ೨೮೦ ದಿನ ಮೀರುವುದೇ ಇಲ್ಲವೆಂದರು. ಕೆಲವರು ೩೧೧ ದಿನವೂ ಸಾಧ್ಯವೆಂದು ತಮ್ಮ ಅನುಭವಗಳನ್ನು ಹೇಳಿದರು. ತೀರ್ಪು ಎರಡನೆಯ ಮಗನ ಪರವಾಯಿತು. ಅದಕ್ಕೆ ಬಲ ಬಂದದ್ದು ವೈದ್ಯರ ಲೆಕ್ಕದಿಂದಲ್ಲ; ಆ ತಾಯಿಗೆ ಬೇರೊಬ್ಬನ ಸಂಬಂಧವಿತ್ತು, ಮಗು ಹುಟ್ಟಿದ್ದನ್ನು ಗುಟ್ಟಾಗಿಟ್ಟಿದ್ದಳು ಎಂಬ ಸಂಗತಿಗಳಿಂದ. ಶಾಸ್ತ್ರ ಮೂಕವಾದಲ್ಲಿ ಶೀಲದ ವಿಚಾರಣೆ ನಡೆಯಿತು.

ಇಪ್ಪತ್ತನೆಯ ಶತಮಾನದಲ್ಲಿಯೂ ಇದು ನಿಲ್ಲಲಿಲ್ಲ. ೧೯೨೧ರ ಗ್ಯಾಸ್ಕಿಲ್ ಮೊಕದ್ದಮೆಯಲ್ಲಿ ಗಂಡ ದೂರವಾದ ೩೩೧ ದಿನಗಳ ಮೇಲೆ ಮಗುವಾಗಿತ್ತು. ಅದು ಅಸಾಧ್ಯವೆಂದು ಹೇಳಲಾಗದು ಎಂದು ಇಂಗ್ಲೆಂಡಿನ ನ್ಯಾಯಾಲಯ ಹೆಂಡತಿಯ ಮಾತನ್ನು ಎತ್ತಿಹಿಡಿಯಿತು. ೧೯೫೧ರ ಪ್ರೆಸ್ಟನ್-ಜೋನ್ಸ್ ಮೊಕದ್ದಮೆಯಲ್ಲಿ ೩೬೦ ದಿನ. ಅಷ್ಟನ್ನು ಲಾರ್ಡ್ಸ್ ಸಭೆ ಒಪ್ಪಲಿಲ್ಲ. ಈ ಎರಡರ ನಡುವೆ ಎಲ್ಲಿಯೋ ಒಂದು ಗೆರೆಯಿದೆ ಎಂದಾಯಿತೇ ಹೊರತು ಎಲ್ಲಿ ಎಂದು ಆಗಲಿಲ್ಲ.

ನಮ್ಮ ದೇಶದಲ್ಲಿ ೧೮೭೨ರ ಸಾಕ್ಷ್ಯ ಅಧಿನಿಯಮದ ೧೧೨ನೆಯ ಕಲಮು ಗೆರೆಯನ್ನು ಎಳೆದೇಬಿಟ್ಟಿತು. ಮದುವೆ ಮುಗಿದ ೨೮೦ ದಿನಗಳೊಳಗೆ, ತಾಯಿ ಮರುಮದುವೆಯಾಗದೆ ಇರುವಾಗ, ಹುಟ್ಟಿದ ಮಗು ಆ ಗಂಡನದೇ ಎಂಬುದು ನಿರ್ಣಾಯಕ ಪ್ರಮಾಣ. ಗಂಡಹೆಂಡಿರು ಕೂಡಿರುವ ಅವಕಾಶವೇ ಇರಲಿಲ್ಲವೆಂದು ತೋರಿಸಿದ ಹೊರತು ಅದನ್ನು ಅಲ್ಲಗಳೆಯುವಂತಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೧೧೬ನೆಯ ಕಲಮಿನಲ್ಲಿಯೂ ಅದೇ ೨೮೦ ಉಳಿದಿದೆ. ವೈದ್ಯರು ೨೮೦ನ್ನು ಎಣಿಸುವುದು ಮುಟ್ಟಿನಿಂದ. ಕಾನೂನು ಎಣಿಸುವುದು ಮದುವೆ ಮುಗಿದ ದಿನದಿಂದ. ಇಲ್ಲಿಯೂ ಸಂಖ್ಯೆ ಒಂದೇ, ಆರಂಭ ಬೇರೆ. ಆದರೂ ಈ ಕಲಮಿನ ಒಲವು ಮಗುವಿನ ಕಡೆಗಿದೆ ಎಂಬುದನ್ನು ಮೆಚ್ಚಬೇಕು. ಗಡಿಯೊಳಗೆ ಹುಟ್ಟಿದ ಮಗುವಿಗೆ ತಾಯಿಯ ಶೀಲವನ್ನು ಕೆದಕುವ ವಾದದಿಂದ ಅದು ಬಹುಮಟ್ಟಿಗೆ ರಕ್ಷಣೆ ಕೊಟ್ಟಿತು.

ಪಾರಸ್ಕರನ ಎರಡನೆಯ ಗಡಿಯಾರವೂ ಕಾನೂನಿಗೆ ಬಂದಿದೆ. ಮರಣದಂಡನೆಗೆ ಗುರಿಯಾದ ಹೆಂಗಸು ತಾನು ಬಸುರಿಯೆಂದರೆ, ಇಂಗ್ಲೆಂಡಿನಲ್ಲಿ ಅನುಭವಸ್ಥ ಗೃಹಿಣಿಯರ ಪಂಚಾಯತಿ ಅವಳನ್ನು ಪರೀಕ್ಷಿಸಿ, ಗರ್ಭ ಮಿಸುಕಿದೆಯೇ ಎಂದು ಹೇಳಬೇಕಾಗಿತ್ತು. ಮಿಸುಕಿದ್ದರೆ ಶಿಕ್ಷೆ ಮುಂದಕ್ಕೆ ಹೋಗುತ್ತಿತ್ತು. ಗರ್ಭಪಾತದ ಶಿಕ್ಷೆಯಲ್ಲಿಯೂ ಮಿಸುಕುವ ಮೊದಲು, ಮಿಸುಕಿದ ಮೇಲೆ ಎಂಬ ಭೇದವನ್ನು ಇಂಗ್ಲೆಂಡು ೧೮೦೩ರಲ್ಲಿ ಶಾಸನವಾಗಿ ಮಾಡಿ ೧೮೩೭ರಲ್ಲಿ ಕೈಬಿಟ್ಟಿತು. ಅಲ್ಲಿ ಕೈಬಿಟ್ಟದ್ದು ೧೮೬೦ರ ಭಾರತೀಯ ದಂಡಸಂಹಿತೆಯ ೩೧೨ನೆಯ ಕಲಮಿನಲ್ಲಿ ನೆಲೆಸಿತು. ಸಾಮಾನ್ಯವಾಗಿ ಮೂರು ವರ್ಷದವರೆಗೆ, ಗರ್ಭ ಮಿಸುಕಿದ ಮೇಲಾದರೆ ಏಳು ವರ್ಷದವರೆಗೆ ಶಿಕ್ಷೆ. ೨೦೨೩ರ ಭಾರತೀಯ ನ್ಯಾಯ ಸಂಹಿತೆಯ ೮೮ನೆಯ ಕಲಮಿನಲ್ಲಿಯೂ ಆ ಭೇದ ಹಾಗೆಯೇ ಇದೆ. ಚೊಚ್ಚಲ ಬಸುರಿಗೆ ಮಿಸುಕಾಟ ತಿಳಿಯುವುದು ಸಾಮಾನ್ಯವಾಗಿ ಹದಿನೆಂಟು ಇಪ್ಪತ್ತು ವಾರಗಳಿಗೆ. ಮುಂದಿನ ಬಸಿರುಗಳಲ್ಲಿ ಇನ್ನೂ ಎರಡು ವಾರ ಮೊದಲು. ಒಬ್ಬಳ ಅನುಭವದ ಸೂಕ್ಷ್ಮತೆಯ ಮೇಲೆ ಇನ್ನೊಬ್ಬರ ಸೆರೆವಾಸದ ವರ್ಷಗಳು ನಿಂತಿವೆ.

ಮಾತನ್ನು ಬಿಟ್ಟು ಮೈಯನ್ನೇ ಓದುವ ವಿದ್ಯೆ ಹಳೆಯದು;ಅದು ಸೂಲಗಿತ್ತಿಯರದು. ಬೆರಳಗಲದ ಅಳತೆಯಿಂದ ಗರ್ಭಕೋಶದ ಎತ್ತರವನ್ನು ಅವರು ತಿಳಿಯುತ್ತಿದ್ದರು. ಅರ್ಧಕಾಲ ಕಳೆದ ಹೊತ್ತಿಗೆ ಅದು ಹೊಕ್ಕುಳ ಮಟ್ಟಕ್ಕೆ ಹತ್ತಿರ ಬರುತ್ತದೆ, ಒಂಬತ್ತರ ಹೊತ್ತಿಗೆ ಎದೆಗೂಡಿನ ಕೆಳಗೆ ಮುಟ್ಟುತ್ತದೆ, ಆಮೇಲೆ ‘ಹೊಟ್ಟೆ ಇಳಿಯುತ್ತದೆ’. ಪಾವಗಡದ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ಸಂದಾಗ ಈ ಹೆಸರಿಲ್ಲದ ಪರಂಪರೆಗೇ ಗೌರವ ಸಂದಿತು. ಇದೇ ಎತ್ತರವನ್ನು ೧೯೦೬ರಲ್ಲಿ ಅಮೆರಿಕದ ಮೆಕ್‌ಡೊನಾಲ್ಡ್ ಅಳತೆಪಟ್ಟಿಯಿಂದ ಅಳೆದು ನಿಯಮ ಮಾಡಿದ. ಬಸುರಿನ ಉತ್ತರಾರ್ಧದಲ್ಲಿ ಎಷ್ಟು ಸೆಂಟಿಮೀಟರೋ ಹೆಚ್ಚುಕಡಿಮೆ ಅಷ್ಟು ವಾರ. ಅದಕ್ಕೂ ಮುಂಚೆ, ೧೮೨೦ರ ಆಸುಪಾಸಿನಲ್ಲಿ, ಫ್ರಾನ್ಸಿನ ಕೆರ್ಗರಡೆಕ್ ಆಗಷ್ಟೆ ಬಂದಿದ್ದ ಸ್ಟೆತಾಸ್ಕೋಪನ್ನು ಬಸುರಿಯ ಒಡಲಿಗಿಟ್ಟು ಕೂಸಿನ ಎದೆಬಡಿತವನ್ನು ಕೇಳಿದ್ದ. ಒಳಗಿನವರ ಸುದ್ದಿ ತಾಯಿಯ ಮಾತಿಲ್ಲದೆ ಹೊರಗಿನವರಿಗೆ ತಲುಪತೊಡಗಿತ್ತು.

ಅದು ಪೂರ್ತಿಯಾದದ್ದು ಹಡಗು ಕಟ್ಟುವ ಊರಾದ ಗ್ಲಾಸ್ಗೋದಲ್ಲಿ. ಲೋಹದಲ್ಲಿ ಬಿರುಕಿದೆಯೇ ಎಂದು ಶಬ್ದದ ಪ್ರತಿಧ್ವನಿಯಿಂದ ಪತ್ತೆಹಚ್ಚುವ ಯಂತ್ರ ಅಲ್ಲಿಯ ಕಾರ್ಖಾನೆಗಳಲ್ಲಿತ್ತು. ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ ಅದನ್ನು ೧೯೫೫ರಲ್ಲಿ ದೇಹದಿಂದ ತೆಗೆದ ಗೆಡ್ಡೆಗಳ ಮೇಲೆ ಪ್ರಯೋಗಿಸಿ ನೋಡಿದ. ಟಾಮ್ ಬ್ರೌನ್ ಎಂಬ ತರುಣ ಎಂಜಿನಿಯರ್ ಮತ್ತು ವೈದ್ಯ ಜಾನ್ ಮೆಕ್‌ವಿಕರ್ ಜೊತೆಗೂಡಿದರು. ಮೂವರ ಲೇಖನ ೧೯೫೮ರ ಜೂನ್ ೭ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅಲ್ಟ್ರಾಸೌಂಡ್ ಸ್ಕ್ಯಾನಿಂಗಿನ ಹುಟ್ಟು ಅದು. ಅದೇ ಊರಿನಲ್ಲಿ ಹ್ಯೂ ರಾಬಿನ್‌ಸನ್ ೧೯೭೩ರಲ್ಲಿ ಮೊದಲ ಮೂರು ತಿಂಗಳ ಪಿಂಡದ ಉದ್ದವನ್ನು ನೆತ್ತಿಯಿಂದ ಪೃಷ್ಠದವರೆಗೆ ಅಳೆದು ವಯಸ್ಸು ಹೇಳುವ ಕ್ರಮವನ್ನು ತೋರಿಸಿದ. ಆ ಹಂತದಲ್ಲಿ ಎಲ್ಲ ಪಿಂಡಗಳೂ ಬಹುಮಟ್ಟಿಗೆ ಒಂದೇ ವೇಗದಲ್ಲಿ ಬೆಳೆಯುವುದರಿಂದ ತಪ್ಪು ಐದಾರು ದಿನವನ್ನು ಮೀರುವುದು ಕಡಿಮೆ. ದಿನ ಕಳೆದಂತೆ ಒಂದು ಮಗು ದೊಡ್ಡದು, ಇನ್ನೊಂದು ಚಿಕ್ಕದು ಆಗುತ್ತದೆ; ಏಳೆಂಟು ತಿಂಗಳಲ್ಲಿ ಮೊದಲ ಬಾರಿ ಅಳೆದರೆ ತಪ್ಪು ಮೂರು ವಾರದಷ್ಟಾಗಬಹುದು. ಯಂತ್ರ ಅಳೆಯುವುದು ಗಾತ್ರವನ್ನು, ಕಾಲವನ್ನಲ್ಲ. ಆ ಗಾತ್ರದ ಕೋಷ್ಟಕಗಳು ಹೆಚ್ಚಾಗಿ ಪಶ್ಚಿಮದೇಶದ ಗರ್ಭಿಣಿಯರಿಂದ ಬಂದವು. ನಮ್ಮ ಹೆಂಗಸರ ಅಳತೆಯಿಂದಲೇ ಸೂತ್ರ ಕಟ್ಟುವ ಕೆಲಸವನ್ನು ಐ.ಐ.ಟಿ. ಮದ್ರಾಸ್ ಮತ್ತು ಫರಿದಾಬಾದಿನ ವಿಜ್ಞಾನಿಗಳು ಕೈಗೊಂಡು ೨೦೨೪ರಲ್ಲಿ ಪ್ರಕಟಿಸಿದ್ದಾರೆ.

ಈ ಯಂತ್ರದ ಇನ್ನೊಂದು ಮುಖವನ್ನು ಮರೆಮಾಚಬಾರದು. ದಿನವನ್ನು ತಿಳಿಯಲು ಬಂದ ಕಣ್ಣು ಹೆಣ್ಣೋ ಗಂಡೋ ಎಂಬುದನ್ನೂ ಕಂಡಿತು. ಅದರಿಂದ ಹೆಣ್ಣುಪಿಂಡಗಳ ಹತ್ಯೆ ಎಷ್ಟು ಬೆಳೆಯಿತೆಂದರೆ ೧೯೯೪ರಲ್ಲಿ ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನನ್ನೇ ತರಬೇಕಾಯಿತು.

ಇಷ್ಟು ದಿನದ ಲೆಕ್ಕದಿಂದ ಆಗುವುದೇನು ಎಂದು ಕೇಳಬಹುದು. ಆಗುವುದು ಬಹಳ. ಮೂವತ್ತೇಳು ವಾರಕ್ಕೆ ಮೊದಲು ಹುಟ್ಟಿದ್ದು ದಿನ ತುಂಬದ ಕೂಸು. ೧೯೭೨ರಲ್ಲಿ ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ, ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವವಿರುವ ತಾಯಿಗೆ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬಲಿಯುತ್ತದೆ ಎಂದು ತೋರಿಸಿದರು. ಅದನ್ನು ಕೊಡಬೇಕೋ ಬೇಡವೋ ಎಂಬುದು ವಾರದ ಎಣಿಕೆಯಿಂದ ತೀರ್ಮಾನವಾಗಬೇಕು. ನಮ್ಮ ಗರ್ಭಸಮಾಪ್ತಿಯ ಕಾನೂನು ೧೯೭೧ರಲ್ಲಿ ೨೦ ವಾರಗಳ ಮಿತಿ ಹಾಕಿತ್ತು; ೨೦೨೧ರ ತಿದ್ದುಪಡಿ ಅತ್ಯಾಚಾರಕ್ಕೊಳಗಾದವರೇ ಮೊದಲಾದ ಕೆಲವು ವರ್ಗದ ಹೆಂಗಸರಿಗೆ ಅದನ್ನು ೨೪ ವಾರಗಳಿಗೆ ಏರಿಸಿದೆ. ಹೇಳಿಕೊಳ್ಳಲು ಹೆದರಿ ತಿಂಗಳುಗಟ್ಟಲೆ ಮುಚ್ಚಿಟ್ಟ ಹುಡುಗಿಯೊಬ್ಬಳು ಆಸ್ಪತ್ರೆಯ ಬಾಗಿಲಿಗೆ ಬಂದಾಗ ಇಪ್ಪತ್ತಮೂರು ವಾರವೋ ಇಪ್ಪತ್ತೈದೋ ಎಂಬುದು ಅವಳ ಬಾಳಿನ ಪ್ರಶ್ನೆ. ಮೂರು ವಾರದ ತಪ್ಪಿಗೆ ಎಡೆಯಿರುವ ಅಳತೆಯ ಮೇಲೆ ಒಂದು ದಿನಕ್ಕೂ ಜಗ್ಗದ ಗೆರೆ!

ಇಂದು ನಮ್ಮ ರಾಜ್ಯದ ಹಳ್ಳಿಯ ಬಸುರಿಯ ಕೈಯಲ್ಲಿ ತಾಯಿ ಕಾರ್ಡ್ ಇರುತ್ತದೆ. ಕೊನೆಯ ಮುಟ್ಟಿನ ದಿನಾಂಕ ಒಂದು ಕಡೆ, ಹೆರಿಗೆಯ ನಿರೀಕ್ಷಿತ ದಿನಾಂಕ ಇನ್ನೊಂದು ಕಡೆ. ಮೊದಲನೆಯದು ಅವಳ ನೆನಪು, ಎರಡನೆಯದು ನಮ್ಮ ಗಣಿತ. ಆ ಗಣಿತ ಹೇಳಿದ ದಿನದಂದೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. ೧೯೯೦ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ, ಚೊಚ್ಚಲ ಹೆರಿಗೆ ನೇಗೆಲೆಯ ದಿನಕ್ಕಿಂತ ಸುಮಾರು ಎಂಟು ದಿನ ತಡವಾಗಿಯೂ ಮುಂದಿನವು ಮೂರು ದಿನ ತಡವಾಗಿಯೂ ಆಗುತ್ತವೆಂದು ಕಂಡಿತು. ಆ ದಿನ ದಾಟಿತೆಂದು ಮನೆಯವರು ಕಂಗಾಲಾಗುವುದನ್ನೂ ಬಸುರಿಯನ್ನು ಹೊತ್ತು ಮೀರಿದ ಅಪರಾಧಿಯಂತೆ ನೋಡುವುದನ್ನೂ ನಾವು ಬಲ್ಲೆವು. ಒಂದು ಕಾಲವನ್ನು ಒಂದು ದಿನವೆಂದು ತಿಳಿದ ಫಲ ಇದು. ಚರಕನ ಮಾತು ಇಲ್ಲಿ ಹೆಚ್ಚು ವಿವೇಕದ್ದು. ನಾಲ್ಕು ವಾರ ಸ್ಕ್ಯಾನ್ ತಡವಾದರೆ ಯಂತ್ರಕ್ಕೂ ಅವಳ ನೆನಪೇ ಗತಿ. ಮುಟ್ಟಿನ ದಿನವನ್ನು ಗುರುತು ಹಾಕಿಟ್ಟುಕೊಳ್ಳುವಂತೆ ನಮ್ಮ ಹೆಣ್ಣುಮಕ್ಕಳಿಗೆ ಸಂಕೋಚವಿಲ್ಲದೆ ಕಲಿಸುವುದು ಯಾವ ಸೂತ್ರಕ್ಕೂ ಕಡಿಮೆಯ ಉಪಕಾರವಲ್ಲ.

ಗರ್ಭದ ವಯಸ್ಸನ್ನು ಇಂದು ಪ್ರಪಂಚದ ವೈದ್ಯರು ‘ಪೂರ್ಣವಾದ ವಾರ’ಗಳಲ್ಲಿ ಹೇಳುತ್ತಾರೆ. ಮೂವತ್ತಾರು ವಾರ ಐದು ದಿನವಾಗಿದ್ದರೆ ಮೂವತ್ತಾರು ತುಂಬಿ ಮೂವತ್ತೇಳರಲ್ಲಿ ಬಿತ್ತು ಎಂದೇ ಅರ್ಥ. ಅಜ್ಜಿಯ ವ್ಯಾಕರಣಕ್ಕೆ ಆಸ್ಪತ್ರೆ ಬಂದು ಸೇರಿದೆ. ಅಲ್ಲಿಯೂ ಚೀಟಿ ಬರೆಯುವ ಮುನ್ನ ವೈದ್ಯರು ಕೇಳುವುದು ಅದೇ ಪ್ರಶ್ನೆಯನ್ನು: ‘ಕೊನೆಯ ಸಲ ಯಾವತ್ತು ಆಗಿತ್ತಮ್ಮ?’ ಕೇಳಿ, ಅವಳು ನೆನೆದು ಹೇಳುವವರೆಗೆ ತಾಳ್ಮೆಯಿಂದ ಕಾಯಬೇಕು.

(ಬಾನುಲಿ ಭಾಷಣ)